ಮಂಕು ಯಾವಾಗಿನಿಂದ? ಮಕ್ಕಳ ಖಿನ್ನತೆಗೊಂದು ಪ್ರವೇಶಿಕೆ

ಈ ಲೇಖನ ಓದಲು ನಿಮಗೆ ಮನೋವಿಜ್ಞಾನದ ಗಂಧಗಾಳಿ ಇರಬೇಕಾಗಿಲ್ಲ. ಮನೆಯಲ್ಲೋ ತರಗತಿಯಲ್ಲೋ ಒಂದು ಮಗುವಿದ್ದು, ಅದರ ಮನಸ್ಸಿನ ಬಗ್ಗೆ ಕುತೂಹಲವಿದ್ದರೆ ಸಾಕು. ಮಗು ಮಂಕಾಗಿದೆ ಎಂದು ಕಂಡಾಗ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತೇವೆ. ಏನಾಯಿತು? ಎಷ್ಟು ಬೇಜಾರಾಗಿದೆ? ಮೂರನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ: ಯಾವಾಗಿನಿಂದ? ಮೊದಲೆರಡಕ್ಕಿಂತ ಇದರ ಉತ್ತರವೇ ಹೆಚ್ಚು ತಿಳಿಸುತ್ತದೆ ಎಂಬುದು ನನ್ನ ನಂಬಿಕೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಖಿನ್ನತೆಯ ಲಕ್ಷಣಗಳು ಕಾಲದಲ್ಲಿ ಹೇಗೆ ಉಳಿಯುತ್ತವೆ, ಹೋದವು ಹೇಗೆ ಮರಳುತ್ತವೆ ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲು ಲಕ್ಷಣ ಮತ್ತು ಕಾಯಿಲೆ ಎಂಬೆರಡನ್ನು ಬೇರ್ಪಡಿಸಿಕೊಳ್ಳಬೇಕು. ವೈದ್ಯರು ಖಿನ್ನತೆಯ ಲಕ್ಷಣಗಳೆಂದು ಒಂಬತ್ತನ್ನು ಗುರುತಿಸುತ್ತಾರೆ. ಮನಸ್ಸು ಕುಗ್ಗಿರುವುದು ಒಂದು. ಹಿಂದೆ ಇಷ್ಟಪಡುತ್ತಿದ್ದುದರಲ್ಲಿ ಆಸಕ್ತಿ ಹೋಗುವುದು ಇನ್ನೊಂದು. ಉಳಿದವು ಹಸಿವು ಅಥವಾ ತೂಕದ ಏರುಪೇರು, ನಿದ್ದೆ ಕೆಡುವುದು ಅಥವಾ ಅತಿಯಾಗುವುದು, ಮಂದಗತಿ ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ಸದಾ ಸುಸ್ತು, ತಾನು ಯಾವುದಕ್ಕೂ ಬಾರದವನೆಂಬ ಅಥವಾ ಎಲ್ಲ ತಪ್ಪೂ ತನ್ನದೇ ಎಂಬ ಭಾವ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇವುಗಳಲ್ಲಿ ಒಂದೆರಡು ಯಾವ ಮಗುವಿಗೂ ಬಂದು ಹೋಗಬಹುದು. ಐದಾದರೂ ಒಟ್ಟಿಗೆ ಬಂದು, ಅವುಗಳಲ್ಲಿ ಮೊದಲೆರಡರಲ್ಲೊಂದು ಸೇರಿದ್ದು, ಕನಿಷ್ಠ ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಇದ್ದು, ಓದು ಆಟ ಒಡನಾಟಗಳಿಗೆ ತೊಡಕಾದರೆ ಅದನ್ನು ಖಿನ್ನತೆಯ ಒಂದು ‘ಕಂತು’ ಎನ್ನುತ್ತಾರೆ. ಕಂತು ಎಂದರೆ ಆರಂಭವೂ ಕೊನೆಯೂ ಇರುವ ಕಾಯಿಲೆಯ ಒಂದು ಸರದಿ.

ಮಕ್ಕಳ ವಿಷಯದಲ್ಲಿ ಒಂದು ತಿದ್ದುಪಡಿ ಇದೆ. ದೊಡ್ಡವರಲ್ಲಿ ದುಃಖ ಕಾಣುವ ಜಾಗದಲ್ಲಿ ಮಕ್ಕಳಲ್ಲಿ ಸಿಡುಕು ಕಾಣಬಹುದು. ಕರೆದರೆ ಸಿಡಿಮಿಡಿ, ಕೇಳಿದರೆ ಉಡಾಫೆಯ ಉತ್ತರ, ಬಾಗಿಲು ದಡಾರನೆ ಮುಚ್ಚುವುದು. ‘ವಯಸ್ಸೇ ಹಾಗೆ’ ಎಂದು ನಾವು ಸುಮ್ಮನಾಗುತ್ತೇವೆ, ಅನೇಕ ಸಲ ಅದು ಸರಿಯೂ ಹೌದು. ತೀರಾ ಚಿಕ್ಕವರು ಮನಸ್ಸಿನ ಮಾತನ್ನು ಮೈಮೇಲೆ ಹಾಕಿ ಹೇಳುತ್ತಾರೆ: ಹೊಟ್ಟೆನೋವು, ತಲೆನೋವು, ಅದರಲ್ಲೂ ಸೋಮವಾರ ಬೆಳಿಗ್ಗೆ.

ಇನ್ನೊಂದು ಬಗೆಯ ಖಿನ್ನತೆ ಅಷ್ಟು ತೀವ್ರವಲ್ಲ, ಆದರೆ ಬಿಡುವುದೇ ಇಲ್ಲ. ಹಳೆಯ ಪುಸ್ತಕಗಳು ಅದನ್ನು ಡಿಸ್ತೀಮಿಯಾ ಎಂದು ಕರೆದವು. ಈಗಿನ ಮಾತಿನಲ್ಲಿ ನಿರಂತರ ಖಿನ್ನತೆ. ದೊಡ್ಡವರಲ್ಲಿ ಹಾಗೆ ಗುರುತಿಸಲು ಎರಡು ವರ್ಷ ಬೇಕು, ಮಕ್ಕಳಲ್ಲಿ ಒಂದು ವರ್ಷ ಸಾಕು. ನಡುವೆ ಎರಡು ತಿಂಗಳಿಗೆ ಮೀರಿದ ಬಿಡುವು ಸಿಕ್ಕಿರಬಾರದು. ಈ ರಿಯಾಯಿತಿ ಏಕೆಂದು ನೀವು ಕೇಳಬಹುದು. ಹನ್ನೆರಡರ ಮಗುವಿಗೆ ಒಂದು ವರ್ಷವೆಂದರೆ ಒಂದು ಇಡೀ ತರಗತಿ. ಆ ಅವಧಿಯಲ್ಲಿ ಸ್ನೇಹಗಳು ಕೂಡುತ್ತವೆ, ಮುರಿಯುತ್ತವೆ. ಗಣಿತ ಕೈಗೆ ಹತ್ತುತ್ತದೆ ಅಥವಾ ತಪ್ಪಿಹೋಗುತ್ತದೆ. ಅಷ್ಟನ್ನು ಕಳೆದುಕೊಂಡ ಮೇಲೂ ಇನ್ನೊಂದು ವರ್ಷ ಕಾಯುವುದರಲ್ಲಿ ಅರ್ಥವಿಲ್ಲ.

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಮೈಸೂರಿನ ಸರಸ್ವತಿಪುರಂನ ಮನೆ, ಎಂಟನೇ ತರಗತಿ. ಸಂಗೀತದ ಪಾಠವನ್ನು ಬೇಸಿಗೆಯಲ್ಲಿ ತಾನಾಗಿಯೇ ಬಿಟ್ಟಳು. ‘ಓದಿಗೆ ಟೈಮ್ ಬೇಕಲ್ಲ’ ಎಂದು ಎಲ್ಲರೂ ಒಪ್ಪಿಕೊಂಡರು. ಅಂಕ ಎಂಬತ್ತರಿಂದ ಎಪ್ಪತ್ತಕ್ಕೆ, ಅಲ್ಲಿಂದ ಅರವತ್ತೈದಕ್ಕೆ ಇಳಿಯಿತು, ಆದರೆ ಎಲ್ಲೂ ಫೇಲಾಗಲಿಲ್ಲ. ಊಟಕ್ಕೆ ಬಂದು ಕೂರುತ್ತಾಳೆ, ತಟ್ಟೆಯಲ್ಲಿ ಅರ್ಧ ಉಳಿಸಿ ಏಳುತ್ತಾಳೆ. ದಸರಾ ರಜೆಯಲ್ಲಿ ನೆಂಟರ ಮಕ್ಕಳೊಂದಿಗೆ ವಸ್ತುಪ್ರದರ್ಶನಕ್ಕೆ ಹೋಗಿ, ಜಯಂಟ್ ವೀಲ್ ಹತ್ತಿ, ಹಪ್ಪಳ ತಿಂದು ನಕ್ಕುಕೊಂಡು ಬಂದಳು. ‘ನೋಡಿ, ಚೆನ್ನಾಗೇ ಇದ್ದಾಳಲ್ಲ’ ಎಂದರು ಅಜ್ಜಿ. ಮಾರನೆಯ ದಿನ ಹತ್ತು ಗಂಟೆಯಾದರೂ ಹಾಸಿಗೆಯಿಂದ ಏಳಲಿಲ್ಲ. ಒಂದೊಂದು ದಿನವನ್ನು ಬಿಡಿಯಾಗಿ ನೋಡಿದರೆ ಇಲ್ಲಿ ದೂರು ಕೊಡುವಂಥದ್ದು ಏನೂ ಇಲ್ಲ. ಹದಿನಾಲ್ಕು ತಿಂಗಳನ್ನು ಸಾಲಾಗಿ ಜೋಡಿಸಿದಾಗಲೇ ಚಿತ್ರ ಮೂಡುತ್ತದೆ. ಅಷ್ಟು ಹೊತ್ತಿಗೆ ಮನೆಯವರ ಬಾಯಲ್ಲಿ ಅದು ‘ಅವಳ ಸ್ವಭಾವ’ವಾಗಿಬಿಟ್ಟಿರುತ್ತದೆ. ನಿರಂತರ ಖಿನ್ನತೆ ತಪ್ಪಿಸಿಕೊಳ್ಳುವುದು ಹೀಗೇ.

ಈಗ ವಿಜ್ಞಾನದ ಕಡೆ ಬರೋಣ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶಗಳ 2,064 ಮಕ್ಕಳನ್ನು ನಿಮ್ಹಾನ್ಸ್‌ನ ತಜ್ಞರು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆ, ಹದಿನಾರು ವರ್ಷದೊಳಗಿನವರಲ್ಲಿ ಶೇ. 12.5ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆಯೆಂದು ತೋರಿಸಿತು. ತುಂಬ ಮುಖ್ಯವಾದ ಕೆಲಸ. ಆದರೆ ಯಾವ ಸಮೀಕ್ಷೆಯಾದರೂ ಒಂದು ಕಾಲಘಟ್ಟದ ಫೋಟೊ. ಮುಂದಿನ ವರ್ಷ ಮತ್ತೆ ಎಣಿಸಿ, ಮತ್ತೆ ಅಷ್ಟೇ ಸಂಖ್ಯೆ ಬಂತು ಎನ್ನೋಣ. ಅವರು ಹೋದ ವರ್ಷದ ಅದೇ ಮಕ್ಕಳೇ? ಅಥವಾ ಅವರೆಲ್ಲ ಗುಣವಾಗಿ ಬೇರೆ ಮಕ್ಕಳು ಆ ಜಾಗಕ್ಕೆ ಬಂದರೇ? ಸಂಖ್ಯೆ ಒಂದೇ, ಕಥೆ ಪೂರ್ತಿ ಬೇರೆ. ಇದನ್ನು ತಿಳಿಯಬೇಕಾದರೆ ಅದೇ ಮಕ್ಕಳ ಮನೆ ಬಾಗಿಲಿಗೆ ಮತ್ತೆ ಮತ್ತೆ ಹೋಗಬೇಕು. ಒಂದೇ ಕಾಲದಲ್ಲಿ ಹುಟ್ಟಿದವರ ಗುಂಪನ್ನು ಹೀಗೆ ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನಕ್ಕೆ ‘ಕೊಹಾರ್ಟ್’ ಎನ್ನುತ್ತಾರೆ.

ಭಾರತದ ಹೆಸರಾಂತ ಕೊಹಾರ್ಟ್‌ಗಳಲ್ಲಿ ಒಂದು ನಮ್ಮ ಮೈಸೂರಿನ ಮಂಡಿ ಮೊಹಲ್ಲಾದಲ್ಲೇ ಇದೆ. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ ಎಂದರೆ ಹಳೆಯ ಮೈಸೂರಿಗರು ಒಂದು ಕ್ಷಣ ಯೋಚಿಸಬಹುದು, ‘ಮಿಷನ್ ಆಸ್ಪತ್ರೆ’ ಎಂದರೆ ಎಲ್ಲರಿಗೂ ಗೊತ್ತು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆ ಶಿಶುಗಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಊರಲ್ಲೆಲ್ಲ ಹುಡುಕಿ, ಹುಟ್ಟಿದಾಗ ಚಿಕ್ಕದಾಗಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿದರು. ಯಾವುದೋ ನರ್ಸ್ ಶಾಯಿಯಲ್ಲಿ ಬರೆದಿಟ್ಟ ಒಂದು ಸಾಲು ಆರು ದಶಕದ ನಂತರ ವಿಜ್ಞಾನವಾಯಿತು! ಗುಮಾಸ್ತಗಿರಿಯನ್ನು ಹಗುರವಾಗಿ ಕಾಣುವವರಿಗೆ ನಾನು ಈ ಪ್ರಸಂಗವನ್ನು ತಪ್ಪದೆ ಹೇಳುತ್ತೇನೆ.

1997–98ರಲ್ಲಿ ಅಲ್ಲೇ ಹೊಸದೊಂದು ಅಧ್ಯಯನ ಶುರುವಾಯಿತು, ಹೆಸರು ‘ಪಾರ್ಥೆನಾನ್’. 830 ಗರ್ಭಿಣಿಯರು ಸೇರಿದರು, ಅವರಿಗೆ ಹುಟ್ಟಿದ 663 ಮಕ್ಕಳನ್ನು ಮೊದಲು ವರ್ಷಕ್ಕೊಮ್ಮೆ, ಐದು ತುಂಬಿದ ಮೇಲೆ ಆರು ತಿಂಗಳಿಗೊಮ್ಮೆ ನೋಡುತ್ತ ಬಂದರು. ಮೈಸೂರಿನ ಡಾ. ಜಿ.ವಿ. ಕೃಷ್ಣವೇಣಿ, ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರ ಕೆಲಸವಿದು. ಮೂಲ ಗುರಿ ಮಧುಮೇಹ. ಆದರೆ ಮಕ್ಕಳನ್ನು ಇಷ್ಟು ಕಾಲ ನೋಡುತ್ತಿರುವವರು ಮನಸ್ಸನ್ನು ಬಿಟ್ಟು ಮೈಯನ್ನಷ್ಟೇ ಅಳೆಯಲಾದೀತೇ?

ಹದಿಮೂರೂವರೆ ವಯಸ್ಸಿನ ಸುಮಾರಿಗೆ ಈ ಮಕ್ಕಳಲ್ಲಿ ಕೆಲವರಿಗೆ ಒಂದು ಪರೀಕ್ಷೆ ಇಟ್ಟರು. ಒಂದು ಕೋಣೆ, ಎದುರಿಗೆ ಇಬ್ಬರು ಅಪರಿಚಿತ ತೀರ್ಪುಗಾರರು. ಐದು ನಿಮಿಷ ಅವರ ಮುಂದೆ ನಿಂತು ಮಾತಾಡಬೇಕು, ಇನ್ನೈದು ನಿಮಿಷ ಮನಸ್ಸಿನಲ್ಲೇ ಲೆಕ್ಕ ಮಾಡಿ ಉತ್ತರ ಹೇಳಬೇಕು. ಅದಕ್ಕೆ ಮುಂಚೆ ಒಮ್ಮೆ, ಆಮೇಲೆ ಬಿಟ್ಟು ಬಿಟ್ಟು ಹಲವು ಸಲ ಮಗುವಿನ ಜೊಲ್ಲಿನ ಮಾದರಿ ತೆಗೆದಿಟ್ಟುಕೊಳ್ಳುತ್ತಾರೆ. ಒತ್ತಡವಾದಾಗ ದೇಹ ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಜೊಲ್ಲಿನಲ್ಲೂ ಸಿಗುತ್ತದೆ. ಒಂದೇ ಮಾದರಿ ಸಾಲದೇ ಎಂದು ನೀವು ಕೇಳಿದರೆ, ಇಡೀ ವಿಷಯದ ತಿರುಳಿಗೇ ಕೈ ಹಾಕಿದ್ದೀರಿ ಎಂದರ್ಥ. ಕಾರ್ಟಿಸಾಲ್ ಏರುವುದು ಆರೋಗ್ಯದ ಗುರುತು. ತೀರ್ಪುಗಾರರ ಮುಂದೆ ಯಾರಿಗೆ ಎದೆ ಹೊಡೆದುಕೊಳ್ಳುವುದಿಲ್ಲ? ಎಷ್ಟು ಏರಿತು ಎಂಬುದರ ಜೊತೆಗೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದೂ ಗೊತ್ತಾಗಬೇಕು.

ಮುಂದೆ ಈ ತಂಡ ಸಿವೇದಾ ಎಂಬ ದೊಡ್ಡ ಯೋಜನೆಯ ಭಾಗವಾಯಿತು. ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ಮುಂದಾಳತ್ವದಲ್ಲಿ ಬೆಂಗಳೂರು, ಮೈಸೂರು, ಋಷಿವ್ಯಾಲಿ, ಚಂಡೀಗಢ, ಕೋಲ್ಕತ್ತ, ಇಂಫಾಲಗಳ ಕೇಂದ್ರಗಳು ಸೇರಿ ಆರರಿಂದ ಇಪ್ಪತ್ತಮೂರು ವರ್ಷದ ಸುಮಾರು 9,000 ಮಂದಿಯ ಮಿದುಳು, ಮನಸ್ಸು, ಮನೆಯ ಪರಿಸರಗಳನ್ನು ದಾಖಲಿಸಿದವು. ನಮ್ಮ ಊರಿಗೆ ಈ ಆಸಕ್ತಿ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ 1924ರದ್ದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನು ನಾವು ನೆನೆಯುವುದು ಮಾತ್ರ 1935ರಲ್ಲಿ ಮನೆಯಲ್ಲೇ ಆಕಾಶವಾಣಿ ಆರಂಭಿಸಿದ್ದಕ್ಕೆ.

ಇಂಥ ದೀರ್ಘ ಅಧ್ಯಯನಗಳು ಬೇರೆ ದೇಶಗಳಲ್ಲೂ ನಡೆದಿವೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟರೆ ಮಕ್ಕಳು ಕೆಲವು ದಾರಿಗಳಲ್ಲಿ ಸಾಗುವುದು ಕಾಣುತ್ತದೆ. ಬಹುಪಾಲು ಮಕ್ಕಳಲ್ಲಿ ಲಕ್ಷಣಗಳು ಉದ್ದಕ್ಕೂ ಕಡಿಮೆಯೇ. ಕೆಲವರಲ್ಲಿ ಹನ್ನೆರಡು ಹದಿಮೂರರಿಂದ ಮೇಲೇರುತ್ತವೆ, ಕೆಲವರಲ್ಲಿ ಬಾಲ್ಯದಲ್ಲಿ ಇದ್ದದ್ದು ಇಳಿಯುತ್ತದೆ. ಉಳಿದ ಒಂದು ಚಿಕ್ಕ ಗುಂಪಿನಲ್ಲಿ ಏರಿದ್ದು ಏರಿದಂತೆಯೇ ನಿಲ್ಲುತ್ತದೆ. ಬಾಲ್ಯದಲ್ಲಿ ಹುಡುಗ ಹುಡುಗಿಯರ ನಡುವೆ ಹೆಚ್ಚು ಅಂತರವಿಲ್ಲ. ಹದಿಹರೆಯದ ನಡುಭಾಗಕ್ಕೆ ಬರುವಷ್ಟರಲ್ಲಿ ಹುಡುಗಿಯರಲ್ಲಿ ಖಿನ್ನತೆ ಸುಮಾರು ಎರಡು ಪಟ್ಟಾಗಿರುತ್ತದೆ. ತೊಂದರೆ ವೇಷ ಬದಲಿಸುವುದೂ ಉಂಟು. ಏಳನೇ ವಯಸ್ಸಿನಲ್ಲಿ ಅಮ್ಮನನ್ನು ಬಿಟ್ಟು ಶಾಲೆಗೆ ಹೋಗಲು ಹೆದರುತ್ತಿದ್ದ ಮಗು ಹದಿನೈದಕ್ಕೆ ಖಿನ್ನತೆಗೆ ಜಾರಬಹುದು. ಹೊರಗಿನ ರೂಪ ಬೇರೆಯಾದರೂ ಎಳೆ ಒಂದೇ.

ಎಷ್ಟು ಕಾಲ ಇರುತ್ತದೆ ಎಂಬುದಕ್ಕೆ ಅಮೆರಿಕದ ಪಿಟ್ಸ್‌ಬರ್ಗ್‌ನ ಮರಿಯಾ ಕೊವಾಕ್ಸ್ 1980ರ ದಶಕದಿಂದ ಮಾಡಿದ ಕೆಲಸವನ್ನು ಇಂದಿಗೂ ಉದಾಹರಿಸುತ್ತಾರೆ. ಚಿಕಿತ್ಸಾಲಯಕ್ಕೆ ಬಂದ ಮಕ್ಕಳಲ್ಲಿ ತೀವ್ರ ಖಿನ್ನತೆಯ ಒಂದು ಕಂತು ಸರಾಸರಿ ಒಂಬತ್ತು ತಿಂಗಳ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಸೌಮ್ಯವೆಂದು ಕಾಣುವ ಡಿಸ್ತೀಮಿಯಾ ಸುಮಾರು ನಾಲ್ಕು ವರ್ಷ ಎಳೆಯುತ್ತಿತ್ತು, ಮತ್ತು ಆ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅದರ ಮೇಲೆಯೇ ತೀವ್ರ ಖಿನ್ನತೆಯೂ ಬಂದಿತು. ಜೋರಾಗಿರುವುದೇ ಅಪಾಯಕಾರಿ ಎಂಬ ನಮ್ಮ ಎಣಿಕೆಯನ್ನು ಈ ಎರಡು ಅಂಕಿಗಳು ತಲೆಕೆಳಗು ಮಾಡುತ್ತವೆ.

ಚಿಕಿತ್ಸೆ ಸಿಕ್ಕರೆ? ಅಮೆರಿಕದಲ್ಲೇ 439 ಹದಿಹರೆಯದವರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮಾತ್ರೆ ಮತ್ತು ಆಪ್ತಸಮಾಲೋಚನೆ ಎರಡನ್ನೂ ಪಡೆದವರಲ್ಲಿ ಶೇ. 71 ಮಂದಿ ಹನ್ನೆರಡು ವಾರದಲ್ಲಿ ಚೇತರಿಸಿಕೊಂಡಿದ್ದರು; ಮದ್ದಿಲ್ಲದ ಮಾತ್ರೆ ಪಡೆದವರಲ್ಲಿ ಶೇ. 35. ಒಟ್ಟು 439ರಲ್ಲಿ 196 ಮಂದಿಯನ್ನು ಐದು ವರ್ಷ ಹಿಂಬಾಲಿಸಿದಾಗ ಎರಡು ವರ್ಷದೊಳಗೆ ಶೇ. 96 ಮಂದಿ ಗುಣವಾಗಿದ್ದರು, ಆದರೆ ಗುಣವಾದವರಲ್ಲಿ ಅರ್ಧದ ಹತ್ತಿರ ಮಂದಿಗೆ ಅದು ಮರಳಿ ಬಂತು. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನಪಿಡಿ. ಒಂದನ್ನೇ ಹಿಡಿದರೆ ಅತಿ ಭರವಸೆ, ಇನ್ನೊಂದನ್ನೇ ಹಿಡಿದರೆ ಅತಿ ಭಯ.

ಇನ್ನು ನನಗೆ ತುಂಬ ಪ್ರಿಯವಾದ ಪ್ರಶ್ನೆ: ಶುರುವಾದ ಕಾರಣ ಮುಗಿದ ಮೇಲೂ ಲಕ್ಷಣಗಳು ಏಕೆ ಉಳಿಯುತ್ತವೆ? ಮೈಸೂರಿನ ಪತ್ರಿಕೆಗಳು ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ಅಂಕಿಗಳನ್ನು ಹಾಕುವುದನ್ನು ನೋಡಿದ್ದೀರಿ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕೊಡಗಿನಲ್ಲಿ ಮಳೆ ನಿಂತು ವಾರವಾದರೂ ಮಟ್ಟ ಇಳಿಯದಿದ್ದರೆ ಎಲ್ಲಿಂದಲೋ ನೀರು ಇನ್ನೂ ಬರುತ್ತಿದೆ, ಇಲ್ಲವೇ ಗೇಟು ಮುಚ್ಚಿದೆ. ಮಗುವಿನ ಮಂಕನ್ನೂ ಹಾಗೆ ನೋಡಿ. ಮೊದಲ ಮಳೆ ಯಾವುದೆಂದು ಹುಡುಕುವುದರಲ್ಲೇ ನಾವು ಕಾಲ ಕಳೆಯುತ್ತೇವೆ. ಇವತ್ತಿನ ಒಳಹರಿವು ಯಾವುದು, ಮುಚ್ಚಿರುವ ಗೇಟು ಯಾವುದು ಎಂದು ನೋಡುವುದು ಹೆಚ್ಚು ಫಲ ಕೊಡುತ್ತದೆ.

ಒಳಹರಿವುಗಳಲ್ಲಿ ಒಂದು ಮಗುವಿನ ತಲೆಯೊಳಗೇ ಇದೆ. ‘ನಾನೇಕೆ ಹೀಗೆ, ಎಲ್ಲರೂ ಚೆನ್ನಾಗಿದ್ದಾರೆ, ನನಗೇ ಏಕೆ’ ಎಂದು ಒಂದೇ ಯೋಚನೆಯನ್ನು ರಾತ್ರಿಯಿಡೀ ಮೆಲುಕು ಹಾಕುವ ಅಭ್ಯಾಸ. ಇದು ಖಿನ್ನತೆಯನ್ನು ಹೇಗೆ ಉದ್ದ ಎಳೆಯುತ್ತದೆ ಎಂಬುದನ್ನು ಸೂಸನ್ ನೋಲೆನ್-ಹೂಕ್ಸಿಮಾ ಎಂಬ ಮನೋವಿಜ್ಞಾನಿ ಜೀವಮಾನವಿಡೀ ಅಧ್ಯಯನ ಮಾಡಿದರು. ಇನ್ನೊಂದು ಒಳಹರಿವನ್ನು ಕಾನ್ಸ್‌ಟನ್ಸ್ ಹ್ಯಾಮನ್ 1991ರಲ್ಲಿ ತೋರಿಸಿದರು. ಕಷ್ಟದಿಂದ ಖಿನ್ನತೆ ಬರುತ್ತದೆ, ಸರಿ. ಖಿನ್ನತೆಯೂ ಹೊಸ ಕಷ್ಟಗಳನ್ನು ತರುತ್ತದೆ. ಸಿಡುಕಿನಿಂದ ಗೆಳತಿ ದೂರವಾಗುತ್ತಾಳೆ. ಗಮನ ನಿಲ್ಲದೆ ಕಿರುಪರೀಕ್ಷೆ ಕೆಡುತ್ತದೆ, ಅದಕ್ಕಾಗಿ ಬೈಗುಳ ಬೀಳುತ್ತದೆ. ಮೊದಲ ಕಾರಣ ಹಳೆಯದಾಗುವ ಹೊತ್ತಿಗೆ ಎರಡು ಹೊಸ ಕಾರಣಗಳು ಸಿದ್ಧವಾಗಿರುತ್ತವೆ.

ನಿದ್ದೆಯ ಮಾತು ಪ್ರತ್ಯೇಕವಾಗಿ ಹೇಳಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ. ರಾತ್ರಿ ಹನ್ನೊಂದಾದರೂ ನಿದ್ದೆ ಬಾರದಿರುವುದು ಸೋಮಾರಿತನವಲ್ಲ. ಅದೇ ಮಗುವನ್ನು ಬೆಳಗಿನ ಆರಕ್ಕೆ ಟ್ಯೂಷನ್ನಿಗೆ ಎಬ್ಬಿಸುತ್ತೇವೆ. ಖಿನ್ನತೆಯ ಉಳಿದ ಲಕ್ಷಣಗಳೆಲ್ಲ ಹೋಗಿ ನಿದ್ದೆಯ ತೊಂದರೆಯೊಂದು ಉಳಿದಿದ್ದರೆ ಕಾಯಿಲೆ ಮರಳುವ ಸಂಭವ ಹೆಚ್ಚು. ಪಿಯುಸಿ ಓದುವ ಮಕ್ಕಳಿಗೆ ನಾವು ಎಲ್ಲಕ್ಕಿಂತ ಮೊದಲು ಕತ್ತರಿ ಹಾಕುವುದು ನಿದ್ದೆಗೇ ಎಂಬುದು ನನಗೆ ಸಿಟ್ಟು ತರಿಸುವ ವಿಷಯ.

ಮನೆಯೊಳಗಿನ ಕುಡಿತ, ಹೊಡೆತ, ಸಾಲ, ಶಾಲೆಯಲ್ಲಿನ ಗೇಲಿ ಇವೆಲ್ಲ ನಿಮಗೆ ಗೊತ್ತಿರುವ ಒಳಹರಿವುಗಳೇ. ಆದರೆ ತಾಯಿಯ ಆರೋಗ್ಯವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಮರ್ನಾ ವೈಸ್ಮನ್ ಮತ್ತು ಸಂಗಡಿಗರು ಖಿನ್ನತೆಯಿದ್ದ 151 ತಾಯಂದಿರನ್ನೂ ಅವರ ಮಕ್ಕಳನ್ನೂ ನೋಡಿ 2006ರಲ್ಲಿ ಹೀಗೆ ವರದಿ ಮಾಡಿದರು: ಮೂರು ತಿಂಗಳ ಚಿಕಿತ್ಸೆಯಲ್ಲಿ ತಾಯಿ ಗುಣವಾದ ಮನೆಗಳಲ್ಲಿ ಮಕ್ಕಳ ಮಾನಸಿಕ ತೊಂದರೆಗಳೂ ಇಳಿದವು, ಗುಣವಾಗದ ಮನೆಗಳಲ್ಲಿ ಕೊಂಚ ಏರಿದವು. ಆ ಮೂರು ತಿಂಗಳಲ್ಲಿ ಚಿಕಿತ್ಸೆಯಾದದ್ದು ತಾಯಂದಿರಿಗೆ. ಮಗುವನ್ನು ವೈದ್ಯರಲ್ಲಿಗೆ ಕರೆದುಕೊಂಡು ಬರುವ ಅಮ್ಮನನ್ನು ‘ನೀವು ಹೇಗಿದ್ದೀರಿ?’ ಎಂದು ಕೇಳುವುದು ಸೌಜನ್ಯಕ್ಕಿಂತ ಹೆಚ್ಚಿನದು.

ಗೇಟುಗಳು ಯಾವುವು? ಆಟ, ಹಾಡು, ಗೆಳೆತನ, ನಂಬಿ ಮಾತಾಡಬಹುದಾದ ಒಬ್ಬ ದೊಡ್ಡವರು. ಅಂಕ ಇಳಿದಾಗ ನಾವು ಮೊದಲು ಮುಚ್ಚುವುದು ಇವನ್ನೇ: ಕ್ರಿಕೆಟ್ ಬಂದ್, ಗೆಳೆಯರ ಮನೆಗೆ ಹೋಗುವುದು ಬಂದ್.

ಅಳತೆಯ ಬಗ್ಗೆ ಒಂದು ಎಚ್ಚರಿಕೆ. ಶಾಲೆಗಳಲ್ಲಿ ಈಗ ಪ್ರಶ್ನಾವಳಿ ತುಂಬಿಸುವ ರೂಢಿ ಬರುತ್ತಿದೆ. ಯಾರಿಗಾದರೂ ಮೊದಲ ಸಲ ಕೇಳಿದಾಗ ಅಂಕ ಹೆಚ್ಚಾಗಿ ಬಂದು, ಎರಡನೆಯ ಸಲ ತಾನಾಗಿ ಇಳಿಯುವುದು ಸಂಶೋಧಕರಿಗೆ ಗೊತ್ತಿರುವ ವಿದ್ಯಮಾನ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ವಾರ ಅಳೆದು, ಬೇಸಿಗೆ ರಜೆಯಲ್ಲಿ ಮತ್ತೆ ಅಳೆದು ‘ನಮ್ಮ ಕಾರ್ಯಕ್ರಮದಿಂದ ಮಕ್ಕಳು ಸುಧಾರಿಸಿದರು’ ಎಂದು ಹೇಳುವವರನ್ನು ಸುಮ್ಮನೆ ನಂಬಬೇಡಿ. ಮಗು ಹೇಳುವುದಕ್ಕೂ ತಾಯಿತಂದೆ ಹೇಳುವುದಕ್ಕೂ ತಾಳೆಯಾಗದಿರುವುದು ಸಾಮಾನ್ಯ. ಒಳಗಿನ ದುಃಖದ ವಿಷಯದಲ್ಲಿ ಮಗುವಿನ ಮಾತಿಗೆ ಹೆಚ್ಚು ತೂಕ ಕೊಡಿ.

ನೀವು ಮಾಡಬಹುದಾದದ್ದೇನು? ಒಂದು ನೋಟ್‌ಪುಸ್ತಕ ತೆಗೆದುಕೊಂಡು, ವಾರಕ್ಕೊಂದು ಸಾಲಿನಂತೆ ನಿದ್ದೆ, ಊಟ, ಶಾಲೆಗೆ ಹೋದ ದಿನಗಳು, ಮಗು ತಾನಾಗಿ ಇಷ್ಟಪಟ್ಟು ಮಾಡಿದ ಒಂದು ಕೆಲಸ, ಇಷ್ಟನ್ನು ಬರೆದಿಡಿ. ಮಂಕು ಎರಡು ವಾರ ದಾಟಿದರೆ ಮಗುವಿನೊಡನೆ ಕೂತು ಮಾತಾಡಿ. ಲಕ್ಷಣಗಳು ನಿಲ್ಲದಿದ್ದರೆ ವೈದ್ಯರನ್ನು ನೋಡಿ. ಕೆ.ಆರ್. ಆಸ್ಪತ್ರೆಯಲ್ಲೂ ಜೆಎಸ್ಎಸ್ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗಗಳಿವೆ. ಊರಾಚೆ ಇರುವವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ದೇಶಕ್ಕೆಲ್ಲ ಅದರ ಮಾದರಿಯಾಯಿತು. ಮನೆಯಿಂದಲೇ ಮಾತಾಡುವುದಾದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲಿ ಉತ್ತರಿಸುತ್ತಾರೆ, ಹಣ ಕೊಡಬೇಕಾಗಿಲ್ಲ. ಸಾವಿನ ಮಾತು ಬಂದರೆ ಮಾತ್ರ ಯಾವ ಎಣಿಕೆಗೂ ಕಾಯಬೇಡಿ, ಅಂದೇ ಹೋಗಿ. ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ. ಕೇಳುವುದರಿಂದ ಹಾಗಾಗುವುದಿಲ್ಲ.

ಮಗು ಸುಧಾರಿಸಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ, ಅದನ್ನೇ ಮನೆಗಳು ಮರೆಯುವುದು. ವೈದ್ಯರು ಮಾತ್ರೆ ಕೊಟ್ಟಿದ್ದರೆ ಗುಣವಾದ ನಂತರವೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಮುಂದುವರಿಸಲು ಹೇಳುತ್ತಾರೆ. ‘ಈಗ ಚೆನ್ನಾಗಿದ್ದಾನಲ್ಲ’ ಎಂದು ನೀವಾಗಿ ನಿಲ್ಲಿಸಬೇಡಿ. ನೋಟ್‌ಪುಸ್ತಕವನ್ನೂ ಅಟ್ಟಕ್ಕೆ ಹಾಕಬೇಡಿ. ಮುಂದಿನ ಭೇಟಿಯ ದಿನವನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಪರೀಕ್ಷೆ ಮಾರ್ಚಿನಲ್ಲಿದ್ದರೆ ಭೇಟಿ ಜನವರಿಯಲ್ಲೇ ಇರಲಿ, ಮಗು ಆಗ ಎಷ್ಟೇ ನಗುನಗುತ್ತಾ ಓಡಾಡಿಕೊಂಡಿದ್ದರೂ.